ಅಜ್ಜನ ಕಾರು: ಇಟ್ಟುಕೊಳ್ಳುವುದೋ, ಗುಜರಿಗೆ ಕೊಡುವುದೋ?

ಅಜ್ಜನ ಕಾಲದ ಅಂಬಾಸಿಡರ್ ಕಾರು ಶೆಡ್ಡಿನಲ್ಲಿ ದೂಳು ಹೊದ್ದು ನಿಂತಿರುವ ಮನೆಗಳು ಕರ್ನಾಟಕದ ಊರುಗಳಲ್ಲಿ ಇಂದಿಗೂ ಇವೆ. ಪಿ.ಯು.ಸಿ. ಮುಗಿಸಿ ಲೈಸೆನ್ಸ್ ಪಡೆದ ಮಗನಿಗೋ ಮಗಳಿಗೋ ಅದನ್ನು ರಸ್ತೆಗಿಳಿಸುವ ಆಸೆ. ಅಪ್ಪನಿಗೆ ಗ್ಯಾರೇಜಿನ ಬಿಲ್ಲಿನ ಭಯ. ‘ಮೂಗಿಗಿಂತ ಮೂಗುತಿ ಭಾರ ಆದೀತು, ಕೊಟ್ಟುಬಿಡಿ’ ಎಂಬುದು ಅಮ್ಮನ ಸಲಹೆ. ಮೂವರ ಮಾತಿನಲ್ಲೂ ನ್ಯಾಯವಿದೆ. ತೀರ್ಮಾನಕ್ಕೆ ಬರುವ ಮೊದಲು ಕಾರಿನ ಕಾಯಿಲೆಗಳೇನು, ಯಾವುದರ ಮದ್ದು ಅಗ್ಗ, ಯಾವುದರದು ದುಬಾರಿ ಎಂದು ತಿಳಿಯುವುದು ಒಳ್ಳೆಯದು.

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿದ ಅಂಬಾಸಿಡರ್, 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಯಲ್ಲಿ ತಯಾರಾಯಿತು. ಹೊರ ಆಕಾರ ಹೆಚ್ಚು ಬದಲಾಗದಿದ್ದರೂ ಒಳಗೆ ಬದಲಾವಣೆಗಳಾದವು. ಬಹುಕಾಲ ಇದ್ದದ್ದು 1,489 ಸಿ.ಸಿ. ಪೆಟ್ರೋಲ್ ಎಂಜಿನ್. ಆಮೇಲೆ ಡೀಸೆಲ್ ಬಂತು. 1990ರ ದಶಕದಲ್ಲಿ ಇಸುಜು ವಿನ್ಯಾಸದ 1.8 ಲೀಟರ್ ಎಂಜಿನ್ ಸೇರಿತು. ಬಿಡಿಭಾಗ ಕೊಳ್ಳುವ ಮುನ್ನ ಮನೆಯ ಕಾರಿನಲ್ಲಿರುವುದು ಯಾವ ಎಂಜಿನ್ ಎಂದು ಖಚಿತಪಡಿಸಿಕೊಳ್ಳಬೇಕು.

ಕುದಿಯುವ ರೇಡಿಯೇಟರ್

ಹಳೆಯ ಕಾರಿನ ಸಾಮಾನ್ಯ ದೂರು ಬಿಸಿಯೇರುವುದು. ಬೋರ್‌ವೆಲ್ಲಿನ ಗಡಸು ನೀರನ್ನೇ ವರ್ಷಗಟ್ಟಲೆ ತುಂಬಿದರೆ, ಬಚ್ಚಲ ಹಂಡೆಯಲ್ಲಿ ಕಟ್ಟುವಂತೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಸುಣ್ಣದ ಕಿಟ್ಟ ಕಟ್ಟುತ್ತದೆ. ರೇಡಿಯೇಟರಿನ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟು ನೀರಿನ ಕುದಿಬಿಂದುವನ್ನು ಏರಿಸುತ್ತದೆ. ಪ್ರೆಶರ್ ಕುಕ್ಕರಿನದೂ ಇದೇ ತತ್ವ. ಮುಚ್ಚಳದ ರಬ್ಬರ್ ಹಾಳಾದರೆ ನೀರು ಬೇಗ ಕುದಿಯುತ್ತದೆ. ಮುಚ್ಚಳ, ಹೋಸ್ ಪೈಪ್, ಫ್ಯಾನ್ ಬೆಲ್ಟ್ ಇವೆಲ್ಲ ಸಣ್ಣ ಖರ್ಚು. ಅದನ್ನು ಉಳಿಸಲು ಹೋಗಿ ಎಂಜಿನ್ ಕಾದರೆ ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ಹೆಡ್ ಬಿಚ್ಚಿ ಲೇತಿಗೆ ಕಳಿಸಬೇಕಾಗುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಕಾದ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬಾರದು. ಬಿಸಿನೀರು ಮುಖಕ್ಕೆ ಚಿಮ್ಮುತ್ತದೆ.

ಎಂಜಿನ್ನಿನ ಆರೋಗ್ಯವನ್ನು ಹೊಗೆಯ ಬಣ್ಣ ಹೇಳುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಪಿಸ್ಟನ್ ರಿಂಗ್ ಅಥವಾ ಬೋರ್ ಸವೆದಿರಬಹುದು. ಕಪ್ಪು ಹೊಗೆ ಎಂದರೆ ಇಂಧನ ಹೆಚ್ಚಾಗಿ ಹೋಗುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿದೆ. ಮೊದಲನೆಯದು ದೊಡ್ಡ ಬಿಲ್ಲು. ಎರಡನೆಯದು ಬಹುತೇಕ ಕಾರ್ಬ್ಯುರೇಟರ್ ಸರಿಪಡಿಸಿದರೆ ಮುಗಿಯುತ್ತದೆ.

ಬ್ರೇಕಿನಲ್ಲಿ ಉಳಿತಾಯ ಬೇಡ

ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲ್ ನಿಯಮವನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ಕಾರಿನ ಬ್ರೇಕು ನಿಂತಿರುವುದೇ ಅದರ ಮೇಲೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ನೀರು ಸೇರಿದ ಆಯಿಲ್ ಬೇಗ ಕುದಿದು ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುವುದರಿಂದ ಪೆಡಲ್ ನೆಲ ಮುಟ್ಟುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಆಗುಂಬೆ, ಚಾರ್ಮಾಡಿಯಂಥ ಘಟ್ಟ ಇಳಿಯುವಾಗ ಸತತವಾಗಿ ಬ್ರೇಕ್ ಒತ್ತಿ ಡ್ರಮ್ಮುಗಳು ಕಾದಾಗ ಈ ಅಪಾಯ ಹೆಚ್ಚು. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಬ್ರೇಕ್ ಆಯಿಲ್, ರಬ್ಬರ್ ವಾಷರ್‌ಗಳು ಮತ್ತು ಹೋಸುಗಳನ್ನು ಬದಲಿಸದೆ ಗೇಟು ದಾಟಿಸಬಾರದು. ಟೈರುಗಳೂ ಅಷ್ಟೇ. ಅವುಗಳ ಬದಿಯ ಸಂಕೇತದ ಕೊನೆಯಲ್ಲಿ 2316 ಎಂದಿದ್ದರೆ ಅದು 2016ರ 23ನೇ ವಾರ ತಯಾರಾದ ಟೈರು. ಗುಂಡಿಗಳು ಆಳವಾಗಿ ಕಂಡರೂ ರಬ್ಬರಿಗೆ ವಯಸ್ಸಾಗಿರುತ್ತದೆ.

ಮುಂದಿನ ಚಕ್ರಗಳ ಕಿಂಗ್ ಪಿನ್ ಮತ್ತು ಕೀಲುಗಳಿಗೆ ಕಾಲಕಾಲಕ್ಕೆ ಗ್ರೀಸ್ ಬೇಕು. ಇದು ಗ್ಯಾರೇಜಿನ ಅತಿ ಅಗ್ಗದ ಕೆಲಸ. ಮರೆತರೆ ಪಿನ್ ಸವೆಯುತ್ತದೆ, ಚಕ್ರ ಅಲುಗಾಡುತ್ತದೆ, ಹೊಸ ಟೈರು ಒಂದೇ ಬದಿಯಲ್ಲಿ ತಿಂದುಹೋಗುತ್ತದೆ.

ಬಣ್ಣದ ಕೆಳಗಿನ ತುಕ್ಕು

ಎಲ್ಲಕ್ಕಿಂತ ದುಬಾರಿ ಕಾಯಿಲೆ ತುಕ್ಕು. ಲಾರಿಗಿರುವಂತೆ ಈ ಕಾರಿಗೆ ಬೇರೆಯೇ ಚಾಸಿ ಇಲ್ಲ. ತಗಡಿನ ಮೈಯೇ ಭಾರ ಹೊರುತ್ತದೆ. ಹೀಗಾಗಿ ನೆಲದ ತಗಡು, ಬಾಗಿಲಿನ ಕೆಳಗಿನ ಪಟ್ಟಿ ತೂತಾದರೆ ಅದು ಅಂದದ ಪ್ರಶ್ನೆಯಲ್ಲ, ಬಲದ ಪ್ರಶ್ನೆ. ಕರಾವಳಿಯ ಉಪ್ಪುಗಾಳಿಯಲ್ಲಿ ತುಕ್ಕು ಇನ್ನೂ ಬೇಗ ಹರಡುತ್ತದೆ. ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದ ಜಾಗವನ್ನು ಹುಡುಕಲು ಬಟ್ಟೆ ಸುತ್ತಿದ ಒಂದು ಆಯಸ್ಕಾಂತ ಸಾಕು. ದಪ್ಪ ಪುಟ್ಟಿಯ ಮೇಲೆ ಅದು ಅಂಟುವುದಿಲ್ಲ. ಮ್ಯಾಟ್ ಎತ್ತಿ ನೆಲವನ್ನೂ ನೋಡಬೇಕು. ಟಿಂಕರಿಂಗ್ ಕೂಲಿ ದಿನದ ಲೆಕ್ಕದ್ದು. ತಗಡು ಕತ್ತರಿಸಿ ನೋಡುವವರೆಗೆ ಎಷ್ಟು ದಿನದ ಕೆಲಸವೆಂದು ಒಳ್ಳೆಯ ಟಿಂಕರ್ ಕೂಡ ಹೇಳಲಾರ.

ಅನೇಕರು ತಪ್ಪುವುದು ಇಲ್ಲೇ. ಮೊದಲು ಬಣ್ಣ, ಸೀಟ್ ಕವರ್, ಸ್ಟೀರಿಯೋ ಎಂದು ಹಣ ಸುರಿಯುತ್ತಾರೆ. ಬ್ರೇಕಿನ ಸರದಿ ಬರುವಾಗ ಕೈ ಖಾಲಿ. ಕ್ರಮ ತಿರುಗಬೇಕು. ಮೊದಲು ತುಕ್ಕಿನ ಪರೀಕ್ಷೆ, ಅದಕ್ಕೆ ಖರ್ಚಿಲ್ಲ. ಮೈ ಗಟ್ಟಿಯಿದ್ದರೆ ಬ್ರೇಕು ಮತ್ತು ಟೈರು, ನಂತರ ರೇಡಿಯೇಟರ್, ಆಮೇಲೆ ಎಂಜಿನ್. ಬಣ್ಣ ಕೊನೆಗೆ.

ಕಾಗದದ ಮೇಲಿನ ಲೆಕ್ಕ

ರಿಪೇರಿಯ ಹೊರತಾಗಿಯೂ ಖರ್ಚಿದೆ. ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. ಇದರ ಕೇಂದ್ರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ಮೀರಿದ ಕಾರುಗಳಿಗೆ 2025ರಲ್ಲಿ 10,000 ಆಯಿತು. ವಿಮೆ, ಹಸಿರು ತೆರಿಗೆ, ಹೊಗೆ ತಪಾಸಣೆ ಬೇರೆ. ಇನ್ನು ಪೆಟ್ರೋಲ್. ವರ್ಷಕ್ಕೆ 9,000 ಕಿ.ಮೀ. ಓಡಿಸುವ ಮನೆಯಲ್ಲಿ ಲೀಟರಿಗೆ 9 ಕಿ.ಮೀ. ಕೊಡುವ ಕಾರು 1,000 ಲೀಟರ್ ಕುಡಿಯುತ್ತದೆ, 15 ಕಿ.ಮೀ. ಕೊಡುವ ಕಾರಿಗೆ 600 ಲೀಟರ್ ಸಾಕು. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ವ್ಯತ್ಯಾಸ 40,000 ರೂಪಾಯಿ. ದಿನವೂ ಕಾಲೇಜಿಗೆ ಹೋಗಿಬರಲು ಈ ಕಾರು ತಕ್ಕುದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ತಿಂಗಳಿಗೆರಡು ಬಾರಿ ಹೊರತೆಗೆಯುವ ಕುಟುಂಬಕ್ಕೆ ಈ ಲೆಕ್ಕ ಹಗುರಾಗುತ್ತದೆ.

ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದ ಮನೆಯಲ್ಲಿ ಒಂದು ನೂರು ಪುಟದ ನೋಟ್ ಬುಕ್ ಇರಲಿ. ಹಾಕಿಸಿದ ಪೆಟ್ರೋಲ್, ಓಡಿದ ಕಿಲೋಮೀಟರ್, ಬದಲಿಸಿದ ಭಾಗ, ಕೊಟ್ಟ ಕೂಲಿ ಎಲ್ಲವನ್ನೂ ಮಕ್ಕಳೇ ಬರೆದಿಡಲಿ. ಭಾನುವಾರ ಬೆಳಗ್ಗೆ ಆಯಿಲ್, ನೀರು, ಟೈರಿನ ಗಾಳಿ ನೋಡುವ ಕೆಲಸವೂ ಅವರದೇ ಆಗಲಿ. ಒಂದು ವರ್ಷ ಕಳೆದ ಮೇಲೆ ಆ ಪುಸ್ತಕವನ್ನು ಮುಂದಿಟ್ಟುಕೊಂಡು ಕೂತರೆ, ಕಾರು ಉಳಿಯಬೇಕೋ ಹೋಗಬೇಕೋ ಎಂಬ ಮಾತಿಗೆ ಮನೆಯಲ್ಲಿ ಜಗಳ ಬೇಕಾಗುವುದಿಲ್ಲ.