ಕಂಪ್ಯೂಟರಿನೊಳಗಿನ ಕಾರ್ಖಾನೆಯ ಲೆಕ್ಕ ನಮಗೂ ತೋರಿಸಿ

ಈಗ ಕಾರ್ಖಾನೆ ಎರಡು ಸಲ ಹುಟ್ಟುತ್ತದೆ. ಮೊದಲು ಕಂಪ್ಯೂಟರಿನ ತೆರೆಯ ಮೇಲೆ, ಆಮೇಲೆ ನೆಲದ ಮೇಲೆ. ಮೊದಲನೆಯ ಹುಟ್ಟಿನ ಹೊತ್ತಿಗೆ ಮಾಲೀಕರಿರುತ್ತಾರೆ, ಎಂಜಿನಿಯರರಿರುತ್ತಾರೆ. ಕಾರ್ಮಿಕನಿಗೆ ಮಾತ್ರ ಆ ಕೋಣೆಯ ಬಾಗಿಲು ಮುಚ್ಚಿದೆ. ನಮ್ಮ ತಕರಾರು ಇಲ್ಲಿಯೇ.

ಕೆಲಸ ನಡೆಯುವ ಬಗೆ ಹೀಗಿದೆ. ಜರ್ಮನಿಯ ಸೀಮೆನ್ಸ್ ಕಂಪನಿಯ ಟೆಕ್ನೊಮ್ಯಾಟಿಕ್ಸ್, ಫ್ರಾನ್ಸಿನ ದಸ್ಸೋ ಸಿಸ್ಟಮ್ಸ್ ಕಂಪನಿಯ ಡೆಲ್ಮಿಯಾ ಮುಂತಾದ ಸಾಫ್ಟ್‌ವೇರುಗಳಲ್ಲಿ ಇಡೀ ಕಾರ್ಖಾನೆಯನ್ನು ಚಿತ್ರವಾಗಿ ಕಟ್ಟುತ್ತಾರೆ. ರೋಬೋಟಿನ ತೋಳು ಎತ್ತ ತಿರುಗಬೇಕು, ಯಾವುದಕ್ಕೆ ಬಡಿಯುತ್ತದೆ, ಒಂದು ಬೆಸುಗೆಗೆ ಎಷ್ಟು ಸೆಕೆಂಡು ಹಿಡಿಯುತ್ತದೆ ಎಂಬುದನ್ನು ತೆರೆಯ ಮೇಲೆಯೇ ಓಡಿಸಿ ನೋಡುತ್ತಾರೆ. ಸರಿಬಂದ ಆಜ್ಞೆಗಳನ್ನು ಆಮೇಲೆ ನಿಜವಾದ ರೋಬೋಟಿಗೆ ಇಳಿಸುತ್ತಾರೆ. ಯಾವ ಯಂತ್ರದ ಮುಂದೆ ಸರಕು ತಡೆಯುತ್ತದೆ, ಪಾಳಿಗೆ ಎಷ್ಟು ಆಳು ಸಾಕು ಎಂಬ ಲೆಕ್ಕವೂ ಗೋಡೆ ಏಳುವ ಮೊದಲೇ ಕೈಗೆ ಸಿಗುತ್ತದೆ.

ಯಂತ್ರ ಒಡೆಯಿರೆಂದು ಹೇಳುವವರು ನಾವಲ್ಲ. ಈ ಸಾಫ್ಟ್‌ವೇರುಗಳೊಳಗೆ ಗೊಂಬೆಯಾಳೂ ಇದ್ದಾನೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಅಂಥ ಒಬ್ಬನಿಗೆ ಜ್ಯಾಕ್ ಎಂದು ಹೆಸರಿಟ್ಟರು. ಅವನು ಬಾಗಿ ಭಾರ ಎತ್ತಿದರೆ ಸೊಂಟದ ಮೇಲೆ ಎಷ್ಟು ಒತ್ತಡ ಬೀಳುತ್ತದೆಂದು ಲೆಕ್ಕ ಬರುತ್ತದೆ. ಕಾರ್ಮಿಕನ ಬೆನ್ನು ಉಳಿಸುವ ಈ ವಿದ್ಯೆ ನಮಗೆ ಬೇಕು. ಆದರೆ ಅದೇ ತೆರೆಯಲ್ಲಿ ಸೆಕೆಂಡು ಕತ್ತರಿಸುವ ಲೆಕ್ಕವಿದೆ, ಆಳು ಕತ್ತರಿಸುವ ಲೆಕ್ಕವಿದೆ. ಯಾವ ಲೆಕ್ಕ ಕೇಳಬೇಕೆಂದು ನಿರ್ಧರಿಸುವವನು ಮಾಲೀಕನೊಬ್ಬನೇ!

ಒಬ್ಬನೇ ಹಾಕಿದ ಲೆಕ್ಕದ ಗತಿ ಏನಾಗುತ್ತದೆ? ಅಮೆರಿಕದ ಲಾರ್ಡ್ಸ್‌ಟೌನಿನಲ್ಲಿ ಜನರಲ್ ಮೋಟಾರ್ಸ್ ಕಂಪನಿಯು ಬೆಸುಗೆಗೆ ರೋಬೋಟುಗಳನ್ನು ನಿಲ್ಲಿಸಿ ಗಂಟೆಗೆ 100 ಕಾರಿನ ಗುರಿ ಇಟ್ಟಿತು. ಪ್ರತಿ ಕಾರಿಗೆ ಕಾರ್ಮಿಕನಿಗೆ ಉಳಿದದ್ದು 36 ಸೆಕೆಂಡು. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು. 1972ರ ಮಾರ್ಚಿಯಲ್ಲಿ ಕಾರ್ಮಿಕರು ಮುಷ್ಕರ ಹೂಡಿ ಆ ಲೆಕ್ಕಕ್ಕೆ ಉತ್ತರ ಕೊಟ್ಟರು.

ನಮ್ಮಲ್ಲಿ ಕಾನೂನಿಲ್ಲವೇ? ಇದೆ. ಆಳು ತೆಗೆಯಲು ದಾರಿಯಾಗುವ ಯಂತ್ರ ಸುಧಾರಣೆಗೆ 21 ದಿನದ ನೋಟೀಸು ಕೊಡಬೇಕೆಂದು 1956ರಲ್ಲಿ ಕೈಗಾರಿಕಾ ವಿವಾದ ಕಾಯಿದೆಗೆ ಕಲಮು ಸೇರಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿಯೂ ಅದೇ 21 ದಿನ. ತೆರೆಯ ಮೇಲೆ ಎಲ್ಲವೂ ನಿರ್ಧಾರವಾಗಿ, ರೋಬೋಟು ಕೊಂಡಾದ ಮೇಲೆ ನೋಟೀಸು! ಮದುವೆ ಮುಗಿದ ಮೇಲೆ ಹೆಣ್ಣಿನ ಒಪ್ಪಿಗೆ ಕೇಳಿದಂತಾಯಿತು. ಜರ್ಮನಿಯ 1972ರ ಕಾಯಿದೆಯಾದರೋ, ಯೋಜನೆಯ ಹಂತದಲ್ಲಿಯೇ ಕಾರ್ಮಿಕರು ಆರಿಸಿದ ಸಮಿತಿಗೆ ತಿಳಿಸಿ ಸಮಾಲೋಚಿಸಬೇಕೆನ್ನುತ್ತದೆ. ಅಲ್ಲಿಯ ಸಾಫ್ಟ್‌ವೇರು ತರುವ ನಮ್ಮ ಮಾಲೀಕರಿಗೆ ಅಲ್ಲಿಯ ಕಾನೂನು ಮಾತ್ರ ಕಾಣುವುದಿಲ್ಲವೇಕೆ?

ಇದು ಗೇಟಿನೊಳಗಿನ ಜಗಳವೆಂದು ಅಂಗಡಿಕಾರ ಬಂಧುಗಳು ಸುಮ್ಮನಿರಲಾಗದು. ತೆರೆಯ ಮೇಲೆ ಅಳಿಸಿದ ಒಂದೊಂದು ಆಳೂ ನಿಮ್ಮ ಉದ್ರಿ ಪುಸ್ತಕದ ಒಂದೊಂದು ಖಾತೆ. ರೋಬೋಟು ಅಕ್ಕಿ ಕೊಳ್ಳುವುದಿಲ್ಲ, ಚಹಾ ಕುಡಿಯುವುದಿಲ್ಲ, ಮಕ್ಕಳಿಗೆ ಹಬ್ಬದ ಬಟ್ಟೆ ಹೊಲಿಸುವುದಿಲ್ಲ.

ಯಂತ್ರ ಸುಧಾರಣೆಯಿಂದ ಇದ್ದ ಕಾರ್ಮಿಕರು ಕೆಲಸ ಕಳೆದುಕೊಳ್ಳಬಾರದು, ಅದರ ಲಾಭ ಸಮಾಜ, ಮಾಲೀಕ, ಕಾರ್ಮಿಕ ಮೂವರಿಗೂ ಹಂಚಿಕೆಯಾಗಬೇಕು ಎಂದು 1957ರ ಭಾರತೀಯ ಕಾರ್ಮಿಕ ಸಮ್ಮೇಳನವೇ ಒಪ್ಪಿತ್ತು. ನಾವು ಕೇಳುವುದು ಅದನ್ನೇ. ತೆರೆಯ ಮೇಲೆ ಮೊದಲ ಗೆರೆ ಎಳೆಯುವಾಗ ಸಂಘದ ಪ್ರತಿನಿಧಿ ಪಕ್ಕದಲ್ಲಿ ಕುಳಿತಿರಬೇಕು. ಆಳಿನ ಲೆಕ್ಕ, ಸೆಕೆಂಡಿನ ಲೆಕ್ಕ, ಸೊಂಟದ ಲೆಕ್ಕ ಮೂರನ್ನೂ ಕನ್ನಡದಲ್ಲಿ ಬರೆದು ಗೇಟಿಗೆ ಅಂಟಿಸಬೇಕು. ಪ್ರತಿಯೊಂದು ಸಂಘದ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಇದೇ ಮೊದಲ ಕಲಮಾಗಲಿ!