ಬೋಟು ದಡಕ್ಕೆ ಬಂದಾಗಲಾದರೂ ಗಂಡಸರನ್ನು ಕೇಳಿ

ನಮ್ಮ ಮಟ್ಟುವಿನ ಗುಳ್ಳ ಬದನೆಯ ಗದ್ದೆಯಲ್ಲಿ ಕೊಡಪಾನ ಹೊರುವವರು ಹೆಚ್ಚಾಗಿ ಹೆಂಗಸರೇ. ನೆರೆಮನೆಯ ಸೊಸೆ ಎರಡನೇ ಹೆರಿಗೆಯ ಬೆನ್ನಿಗೇ ಮಕ್ಕಳಾಗದಂತೆ ಆಪರೇಶನ್ ಮಾಡಿಸಿಕೊಂಡು ಬಂದಿದ್ದಳು. ಭಾರ ಎತ್ತಬಾರದೆಂದು ಹೇಳಿ ಕಳಿಸಿದ್ದರಂತೆ. ಕೆಲವೇ ವಾರಗಳಲ್ಲಿ, ಎಡಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಬಲಗೈಯಲ್ಲಿ ನೀರು ತೂಗಿಸಿಕೊಂಡು ಗಿಡಗಳ ಸಾಲಿನಲ್ಲಿ ನಡೆಯುತ್ತಿದ್ದಳು. ಗಂಡನಿಗೇ ಮಾಡಿಸಬಹುದಿತ್ತಲ್ಲ ಎಂದೆ. "ಬೇಡ ಅಕ್ಕ, ಅವರು ಬೋಟಿಗೆ ಹೋಗುವವರು. ಬಲೆ ಎಳೆಯುವ ಮೈ. ಶಕ್ತಿ ಹೋದರೆ ಮನೆ ನಡೆಯುವುದು ಹೇಗೆ?" ಎಂದಳು.

ಇದು ಒಂದು ಮನೆಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವರ್ಷದ ವಿವಾಹಿತೆಯರ ಪೈಕಿ ಶೇ. 57.4ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಶಸ್ತ್ರಚಿಕಿತ್ಸೆಯ ಎದುರು ಅಚ್ಚಾಗಿರುವ ಅಂಕಿ 0.0. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಹೆಂಗಸರ ಪಾಲು 48.6 ಇತ್ತು. ಇಳಿಯಬೇಕಾದದ್ದು ಏರಿದೆ.

ಕೇಳಿದರೆ ಬರುವ ಉತ್ತರ ಒಂದೇ: ಆಪರೇಶನ್ ಆದರೆ ಗ್ಯಾರಂಟಿ. ಸರಿ, ಗ್ಯಾರಂಟಿಯ ಲೆಕ್ಕವನ್ನೇ ನೋಡೋಣ. ಸಾವಿರ ದಂಪತಿ ಒಂದು ವರ್ಷ ಕಾಂಡೋಮ್ ಒಂದನ್ನೇ ನಂಬಿದರೆ, ದಿನನಿತ್ಯದ ಮರೆವು, ಅಸಡ್ಡೆ ಎಲ್ಲ ಸೇರಿ ಸುಮಾರು 130 ಮಂದಿ ಬಸುರಾಗುತ್ತಾರೆ. ಮಾತ್ರೆಯಲ್ಲಿ ಸುಮಾರು 70. ಕಾಪರ್‌ ಟಿಯಲ್ಲಿ 8, ಹೆಂಗಸರ ಆಪರೇಶನ್‌ನಲ್ಲಿ 5. ಗಂಡಸರ ವ್ಯಾಸೆಕ್ಟಮಿಯಲ್ಲಿ ಒಂದೋ ಎರಡೋ. ಅಂದರೆ ಗ್ಯಾರಂಟಿಯೇ ಬೇಕಿದ್ದರೆ ಮೊದಲು ಕರೆಯಬೇಕಾದವರು ಗಂಡಸರು. ಹತ್ತು ವರ್ಷ ಬಾಳುವ, ಬೇಡವೆನಿಸಿದ ದಿನ ತೆಗೆಸಬಹುದಾದ ಕಾಪರ್‌ ಟಿ ಕೂಡ ಹೆಂಗಸರ ಆಪರೇಶನ್‌ಗಿಂತ ತೀರಾ ಹಿಂದಿಲ್ಲ. ಇಪ್ಪತ್ತೈದೂ ತುಂಬದವಳಿಗೆ ಈ ಲೆಕ್ಕ ಹೇಳದೆ ಸಹಿ ಹಾಕಿಸಿಕೊಳ್ಳುವುದನ್ನು ನಾನು ಒಪ್ಪಿಗೆ ಎಂದು ಕರೆಯಲಾರೆ.

ಹೆಂಗಸರ ಆಪರೇಶನ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ತಿಂಗಳು ತಿಂಗಳೂ ಹೆದರುವುದರಿಂದ ಅದು ಎಷ್ಟೋ ಮಂದಿಯನ್ನು ಪಾರು ಮಾಡಿದೆ. ಆದರೆ ಅದಕ್ಕೆ ಹೊಟ್ಟೆ ಕೊಯ್ಯಬೇಕು. 2014ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸಪುರದ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಮಂದಿಗೆ ಕತ್ತರಿ ಹಾಕಿದರು. 13 ಹೆಂಗಸರು ಸತ್ತರು. ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಬೇಕಾಯಿತು. ಈಗಿನ ವ್ಯಾಸೆಕ್ಟಮಿಗೆ ಬೇಕಾದದ್ದು ಚರ್ಮದಲ್ಲಿ ಸಣ್ಣದೊಂದು ತೂತು. ಹೊಲಿಗೆಯಿಲ್ಲ, ಅಷ್ಟು ಜಾಗ ಮಾತ್ರ ಮರಗಟ್ಟಿಸಿದರೆ ಸಾಕು. ಅದೇ ದಿನ ನಡೆದು ಮನೆಗೆ ಹೋಗಬಹುದು.

ಶಕ್ತಿ ಹೋಗುವ ಮಾತು ಸುಳ್ಳು. ಕಟ್ಟುವುದು ವೀರ್ಯಾಣು ಸಾಗುವ ನಾಳವನ್ನು ಮಾತ್ರ. ಗಂಡಸುತನದ ಹಾರ್ಮೋನು ಮೊದಲಿನಂತೆಯೇ ರಕ್ತಕ್ಕೆ ಸೇರುತ್ತದೆ. ಆದರೂ ಈ ಭಯಕ್ಕೆ ಬೇರುಗಳಿವೆ. ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದ ಸುಮಾರು 62 ಲಕ್ಷ ಗಂಡಸರಿಗೆ ಶಸ್ತ್ರಚಿಕಿತ್ಸೆಯಾಯಿತು, ಎಷ್ಟೋ ಕಡೆ ಬಲವಂತದಿಂದ. ಆಮೇಲೆ ಸರಕಾರಗಳು ಗಂಡಸರ ತಂಟೆಗೆ ಹೋಗಲು ಹೆದರಿ ಹೆಂಗಸರ ಕಡೆ ತಿರುಗಿದವು. ಗಂಡಸರಿಗೆ ಆದ ಅನ್ಯಾಯದ ಸಾಲವನ್ನು ಐವತ್ತು ವರ್ಷಗಳಿಂದ ಹೆಂಗಸರು ತೀರಿಸುತ್ತಿದ್ದಾರೆ.

ಆರೋಗ್ಯ ಇಲಾಖೆ ಮಾಡಬಹುದಾದ ಕೆಲಸವೊಂದಿದೆ. ವ್ಯಾಸೆಕ್ಟಮಿ ಪಾಕ್ಷಿಕವನ್ನು ಪ್ರತಿವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಆಚರಿಸುತ್ತಾರೆ. ಆಗ ಮಲ್ಪೆಯ ಬೋಟುಗಳು ಕಡಲಲ್ಲಿರುತ್ತವೆ. ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದು ಜೂನ್, ಜುಲೈ ತಿಂಗಳಲ್ಲಿ. ಎರಡು ತಿಂಗಳು ಬೋಟು ದಡದಲ್ಲಿ, ಗಂಡಸರು ಊರಲ್ಲಿ. ಆಗ ಆಶಾ ಕಾರ್ಯಕರ್ತೆಯ ಜೊತೆ ಪುರುಷ ಆರೋಗ್ಯ ಸಹಾಯಕರೂ ಮನೆಗಳಿಗೆ ಬರಲಿ. ಬಲವಂತ ಬೇಡ, ಮಾತಾಡಲಿ. ಮೂರು ತಿಂಗಳ ವಿಷಯವನ್ನು ಮಾತ್ರ ಬಿಡದೆ ಹೇಳಬೇಕು: ವ್ಯಾಸೆಕ್ಟಮಿ ಅದೇ ದಿನ ಫಲಿಸುವುದಿಲ್ಲ. ಅಷ್ಟು ಕಾಲ ಕಾಂಡೋಮ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲವೆಂದು ಖಚಿತವಾಗಬೇಕು. ಆ ಪರೀಕ್ಷೆ ತಪ್ಪಿಸಿ ಹೆಂಡತಿ ಬಸುರಾದರೆ, ಊರು ಸಂಶಯಪಡುವುದು ಅವಳ ಮೇಲೆಯೇ.