ಕಳಕೊಂಡವನ ಸಿಟ್ಟು ಯಾರ ಮೇಲೆ?

ಸಂತೆಯಲ್ಲಿ ಜೇಬುಗಳ್ಳ ಸಿಕ್ಕಿಬಿದ್ದರೆ ಮೊದಲ ಏಟು ಹಾಕುವವರು ಯಾರು? ದುಡ್ಡು ಹೋದವನೇ ಆಗಬೇಕೆಂದಿಲ್ಲ. ಹೋದ ವರ್ಷ ಬಾವಿಯ ಮೋಟಾರು ಕಳಕೊಂಡು, ಠಾಣೆಗೆ ನಾಲ್ಕು ಸಲ ಅಲೆದು, 'ನಾಳೆ ಬಾರಪ್ಪ' ಅನ್ನಿಸಿಕೊಂಡವನೂ ಗುಂಪಿನಲ್ಲಿರುತ್ತಾನೆ. "ಮೊದಲು ನಾಲ್ಕು ಹಾಕ್ರಿ, ಆಮೇಲೆ ಪೊಲೀಸರಿಗೆ ಕೊಡೋಣು" ಎನ್ನುವ ದನಿ ಅವನದೇ ಇರಬಹುದು. ಹಳೇ ಬಾಕಿಯನ್ನು ಹೊಸ ಗಿರಾಕಿಯಿಂದ ವಸೂಲು ಮಾಡಿದ ಹಾಗೆ!

ಹಾಗೆಂದು ಪೆಟ್ಟು ತಿಂದವರೆಲ್ಲ ಬಡಿಗೆ ಹಿಡಿಯುವುದಿಲ್ಲ. ರೆಜಿನಾ ಬೇಟ್ಸನ್ ಎಂಬ ಅಮೆರಿಕದ ವಿದ್ವಾಂಸೆ ಐದು ಖಂಡಗಳ ಸಮೀಕ್ಷೆಗಳನ್ನು ಪರಿಶೀಲಿಸಿ 2012ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಅಪರಾಧಕ್ಕೆ ತುತ್ತಾದವರು ಮೂಲೆ ಸೇರುವುದಿಲ್ಲ. ಉಳಿದವರಿಗಿಂತ ಹೆಚ್ಚಾಗಿ ಸಭೆಗೆ ಬರುತ್ತಾರೆ, ಊರಿನ ಕೆಲಸಕ್ಕೆ ಕೈಹಾಕುತ್ತಾರೆ ಎಂದು ಅದರಲ್ಲಿ ಕಂಡಿತು. ಆದರೆ ಲ್ಯಾಟಿನ್ ಅಮೆರಿಕದ ಮಟ್ಟಿಗೆ ಇನ್ನೊಂದು ಮುಖವೂ ಇತ್ತು: ಜನರೇ ಶಿಕ್ಷೆ ಕೊಡುವುದನ್ನು, ಪೊಲೀಸರ ಕಠೋರ ಕ್ರಮವನ್ನು ಒಪ್ಪುವ ಒಲವೂ ಇಂಥವರಲ್ಲಿ ಕಾಣುತ್ತದೆ. ಗಾಯ ಒಂದೇ, ದಾರಿ ಎರಡು. ನನ್ನ ಅಂದಾಜಿನಲ್ಲಿ ಆ ದಾರಿ ಕವಲೊಡೆಯುವುದು ಠಾಣೆಯ ಮೆಟ್ಟಿಲ ಮೇಲೆ. ದೂರು ಬರೆದುಕೊಂಡರೆ ಒಂದು, ತಳ್ಳಿ ಕಳಿಸಿದರೆ ಇನ್ನೊಂದು.

ತಾವು ಅನುಭವಿಸದ ನಷ್ಟಕ್ಕೂ ಉರಿಯುವ ಗುಂಪುಗಳಿವೆ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐವರನ್ನು ಪಂಚಾಯಿತಿ ಕೋಣೆಯೊಳಗೇ ಬಡಿದು ಕೊಂದರು. ಸತ್ತವರು ದೂರದವರಲ್ಲ, ನಮ್ಮ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಕಡೆಯ ಅಲೆಮಾರಿಗಳು. ಅವರು ಯಾರ ಮಗುವನ್ನೂ ಕದ್ದಿರಲಿಲ್ಲ. ಕೊಂದದ್ದು ವಾಟ್ಸಾಪಿನ ವದಂತಿ. ಅದೇ ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರೊಬ್ಬ ಹೀಗೇ ಸತ್ತ. ಅವನ ಗೆಳೆಯರ ತಂಡ ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ತಪ್ಪಾಯಿತು. ನಾಲ್ಕು ದಿನದ ಮೇಲೆ, ಜಿಲ್ಲೆಗೊಬ್ಬ ಎಸ್‌ಪಿ ದರ್ಜೆಯ ಅಧಿಕಾರಿ ಇಂಥ ಗುಂಪು ಹಿಂಸೆಯ ಮೇಲೆ ಕಣ್ಣಿಡಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿತು.

ಗಡಿಯವರಾದ ನಮಗೆ ಠಾಣೆಯ ತೊಡಕು ಒಂದು ಕೈ ಜಾಸ್ತಿ. ಕಳವು ಆದದ್ದು ಆ ರಾಜ್ಯದಲ್ಲಿ, ಮನೆ ಈ ರಾಜ್ಯದಲ್ಲಿ. "ಅದು ನಮ್ಮ ಹದ್ದಲ್ಲ" ಎಂಬ ಮಾತು ಸಿದ್ಧವಾಗಿರುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಈ ನೆಪಕ್ಕೆ ಜಾಗವಿಲ್ಲ. ಗಂಭೀರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಜನ ಇದನ್ನು 'ಜೀರೋ ಎಫ್‌ಐಆರ್' ಅನ್ನುತ್ತಾರೆ. ತೀರಾ ಸಣ್ಣ ಮೊತ್ತದ್ದನ್ನು ಬಿಟ್ಟರೆ ಕಳವೂ ಸಾಮಾನ್ಯವಾಗಿ ಇದರಲ್ಲಿ ಬರುತ್ತದೆ. ಪ್ರತಿಯನ್ನು ಪುಕ್ಕಟೆ ಕೊಡಬೇಕು, ಕೇಳಿ ತಗೊಳ್ಳಿ.